ಮೂರೂ ‘ಸುಲಭ’ವಂತೆ, ಅಪ್ಪನಿಗೆ ಯಾವುದು?

ಮಾಟುಂಗದಿಂದ ಪ್ರಶ್ನೆ:
ಅಪ್ಪನಿಗೆ 72. ಹೋಟೆಲಿನ ಗಲ್ಲಾ ಬಿಟ್ಟ ಮೇಲೆ ಸಂಘದ ಪತ್ರವ್ಯವಹಾರ ನೋಡಿಕೊಳ್ಳುತ್ತಾರೆ. ಅವರ ಲ್ಯಾಪ್‌ಟಾಪ್‌ನಲ್ಲಿರುವುದು ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಬೇಕೆಂದರೆ ಈ ಯಂತ್ರ ಅರ್ಹವಲ್ಲವಂತೆ. ಅಂಗಡಿಯವರು ಹೊಸ ವಿಂಡೋಸ್ ಯಂತ್ರ ಕೊಳ್ಳಿ ಎನ್ನುತ್ತಾರೆ, ತಮ್ಮ ಮ್ಯಾಕ್ ಎನ್ನುತ್ತಾನೆ, ಸಹೋದ್ಯೋಗಿ ಇದೇ ಯಂತ್ರಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಎನ್ನುತ್ತಾರೆ. ಮೂವರೂ ‘ಇದೇ ಸುಲಭ’ ಎಂದು ಆಣೆ ಹಾಕುತ್ತಾರೆ. ಮನೆಯ ಹಿರಿಯರ ಕೈಗೆ ಕೊಟ್ಟು ನೋಡಿದವರು ಹೇಳಿ.

ಡೊಂಬಿವಲಿಯಿಂದ:
ಮಾವನವರ ಹಳೆಯ ಯಂತ್ರಕ್ಕೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ, ‘ವಿಂಡೋಸ್‌ನಂತೆಯೇ ಇದೆ’ ಎಂದು ಹೇಳಿ ಕಚೇರಿಗೆ ಹೋದೆ. ಮೆನು ಕೆಳಗಿನ ಎಡಮೂಲೆಯಲ್ಲಿ, ಗಡಿಯಾರ ಬಲಮೂಲೆಯಲ್ಲಿ. ಕೈ ತಾನಾಗಿ ಅಲ್ಲಿಗೆ ಹೋಯಿತಂತೆ. ಬ್ಯಾಂಕು, ಯೂಟ್ಯೂಬಿನ ಯಕ್ಷಗಾನ, ಯಾವುದಕ್ಕೂ ಫೋನ್ ಬರಲಿಲ್ಲ. ಮಧ್ಯಾಹ್ನ ಬಂತು: ‘ಅಳಿಯಂದಿರೇ, ನನ್ನ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಗಿದೆ!’

ಹದಿನೈದು ವರ್ಷಗಳ ಪತ್ರಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಡೆ ಒಳಗಿನದು ಬಯಲಾಗುತ್ತದೆ. ಎರಡು ಭಾನುವಾರ ಕುಳಿತು, ಇಂಥ ವಿಶೇಷ ಫಾಂಟ್ ಬೇಡದ ಯೂನಿಕೋಡಿಗೆ ಪರಿವರ್ತಿಸಿದೆವು, ಅಲ್ಲಲ್ಲಿ ಅರ್ಕಾವೊತ್ತನ್ನು ಕೈಯಿಂದಲೇ ತಿದ್ದಿದೆವು. ಹೊಸ ವಿಂಡೋಸ್ ಕೊಂಡಿದ್ದರೂ ಆ ಫಾಂಟ್ ಹಾಕುವವರೆಗೆ ಇದೇ ಕಥೆ. ಮಾವ ಮಾತ್ರ ಇಂದಿಗೂ ಲಿನಕ್ಸನ್ನೇ ಬೈಯುತ್ತಾರೆ. ಟೈಪಿಂಗ್ ತೊಂದರೆಯಾಗಲಿಲ್ಲ: ‘ಕಗಪ’ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಬೆರಳಿಗೆ ಹೆಚ್ಚುಕಡಿಮೆ ಹಳೆಯದೇ.

ಪುಣೆಯ ಕೋಥರೂಡಿನಿಂದ:
ನಾನು ಮ್ಯಾಕ್ ಪಕ್ಷದವಳು, ಆದರೂ ನಿಜ ಹೇಳುತ್ತೇನೆ. ಇಪ್ಪತ್ತು ವರ್ಷ ಕಂಟ್ರೋಲ್ ಒತ್ತಿ ಪ್ರತಿ ಮಾಡಿದ ಅಮ್ಮನ ಕಿರುಬೆರಳು ಕಮಾಂಡ್ ಕೀಲಿಗೆ ಒಗ್ಗಲು ತಿಂಗಳು ಹಿಡಿಯಿತು. ಕೆಂಪು ಗುಂಡಿ ಒತ್ತಿ ‘ಮುಚ್ಚಿದೆ’ ಎನ್ನುತ್ತಾರೆ; ಕಿಟಕಿ ಹೋಗಿರುತ್ತದೆ, ತಂತ್ರಾಂಶ ಇನ್ನೂ ಓಡುತ್ತಲೇ ಇರುತ್ತದೆ. ಆದರೆ ಅವರದು ಐಫೋನ್. ಮೊಮ್ಮಗನ ಚಿತ್ರಗಳು ತಾವಾಗಿ ಮ್ಯಾಕ್‌ಗೆ ಬಂದು ಕೂರುತ್ತವೆ, ಅವರಿಗೆ ಸುಲಭವೆಂದರೆ ಅಷ್ಟೇ. ನಿಮ್ಮ ತಂದೆಯದು ಆಂಡ್ರಾಯ್ಡ್ ಫೋನಾದರೆ ಆ ದುಡ್ಡು ಉಳಿಸಿ.

ಠಾಣೆಯಿಂದ:
ಹೋಟೆಲಿನ ಲೆಕ್ಕಕ್ಕಾಗಿ ಅವರು ಇನ್ನೂ ಟ್ಯಾಲಿ ತಂತ್ರಾಂಶ ಮುಟ್ಟುತ್ತಿದ್ದರೆ ಚರ್ಚೆಯೇ ಬೇಡ, ಅದು ವಿಂಡೋಸ್‌ಗಾಗಿಯೇ ಮಾಡಿದ್ದು, ವಿಂಡೋಸ್ ಕೊಳ್ಳಿ. 11ರಲ್ಲಿ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಸರಿಸಿಕೊಡಿ.

ಡೊಂಬಿವಲಿಯಿಂದ, ಮತ್ತೆ:
ಠಾಣೆಯವರು ಹೇಳಿದ್ದು ಸರಿ. ಟ್ಯಾಲಿ ಇಲ್ಲದಿದ್ದರೆ ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ಹಳೆಯದನ್ನು ಅಳಿಸಬೇಕಾಗಿಲ್ಲ. ಒಂದು ಪತ್ರ ತೆರೆದು, ತಿದ್ದಿ, ಮುದ್ರಿಸಿ, ಮಿಂಚಂಚೆಯಲ್ಲಿ ಕಳುಹಿಸಲು ಅವರಿಗೇ ಹೇಳಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತಿರಬೇಕು. ಕಷ್ಟದ ಭಾಗ ಅದೇ; ನಾನು ಮೂರನೇ ನಿಮಿಷಕ್ಕೇ ಮೌಸ್ ಕಿತ್ತುಕೊಂಡಿದ್ದೆ.

ಮಾಟುಂಗದಿಂದ:
ಈ ಭಾನುವಾರ ಮಾಡಿದೆ. ಟ್ಯಾಲಿ ಇಲ್ಲ. ಪ್ರಿಂಟರ್ ಸಿಕ್ಕಿತು, ಮಿಂಚಂಚೆ ಹೋಯಿತು. ಪತ್ರ ಮಾತ್ರ ನೀವು ಹೇಳಿದಂತೆ ಕಸ. ಅಪ್ಪ ಅದಕ್ಕೆ ಬೇಸರಪಡಲಿಲ್ಲ, ‘ಇಸ್ಪೀಟಾಟ ಎಲ್ಲಿ?’ ಎಂದರು. ಅದನ್ನು ಹಾಕಿಕೊಡುತ್ತೇನೆ. ನುಡಿ ಕಡತಗಳು ಸುಮಾರು ನಾನೂರಿವೆ, ಒಟ್ಟಿಗೇ ಪರಿವರ್ತಿಸುವ ದಾರಿ ಇದೆಯೇ ಅಥವಾ ಒಂದೊಂದಾಗಿಯೇ ಮಾಡಬೇಕೇ?