ಅಪ್‌ಡೇಟ್: ಅಣ್ಣನ ಮರೆವು, ಈಗ ಹೇಗಿದೆ

ಬೈಕಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅಣ್ಣ ಆಗಷ್ಟೇ ಹೇಳಿದ್ದನ್ನೂ ಮರೀತಾನೆ, ಏನು ಮಾಡ್ಲಿ ಅಂತ ಕೇಳಿದ್ದೆ. ಡೊಂಬಿವ್ಲಿಯಿಂದ ಮತ್ತೆ ಬರೀತಿದ್ದೀನಿ.

‘ನೆನಪಿದೆಯಾ?’ ಅಂತ ಪರೀಕ್ಷೆ ಮಾಡೋದು ಬಿಟ್ಟೆವು. ಊಹಿಸಿ ತಪ್ಪು ಹೇಳಿದ್ರೆ ಆ ತಪ್ಪೇ ಮನಸ್ಸಲ್ಲಿ ಕೂತುಬಿಡುತ್ತೆ ಅಂದ್ರು ಥೆರಪಿಸ್ಟ್. ಈಗ ಉತ್ತರ ನಾವೇ ಮೊದಲು ಹೇಳ್ತೀವಿ, ಅವನು ಮತ್ತೆ ಹೇಳ್ತಾನೆ.

ಒಂದೇ ಡೈರಿ, ಕೆಂಪು ರಟ್ಟಿನದು, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೀವಿ. ಮೊಬೈಲ್ ಅಲಾರಂ ಹೊಡೆದಾಗೆಲ್ಲ ತೆಗೆದು ನೋಡ್ತಾನೆ. ‘ಮಾತ್ರೆ ತಗೊಂಡೆ, 8.10’ ಅಂತ ಅವನದೇ ಅಕ್ಷರ. ನಿದ್ದೆ ಕೆಟ್ಟ ದಿನ ಮಾತ್ರ ಎಲ್ಲಾ ಅಸ್ತವ್ಯಸ್ತ.

ನಿನ್ನೆ ಅವ್ವನ ಕೈಯಿಂದ ಹಿಟ್ಟು ಕಸಿದುಕೊಂಡು ಜೋಳದ ರೊಟ್ಟಿ ಬಡಿದ. ಒಂದೂ ಹರೀಲಿಲ್ಲ. ಕೈಗೆ ಒಗ್ಗಿದ ಕೆಲಸ ಮಿದುಳಲ್ಲಿ ಬೇರೆ ಕಡೆ ಉಳಿದಿರುತ್ತಂತೆ. ಅವ್ವ ಅತ್ತುಬಿಟ್ಟಳು.