ಸಿಎಂಎ ಫೈನಲ್: ಡಿಸಿಶನ್ ಮೇಕಿಂಗ್ ಸಮ್‌ನಲ್ಲಿ ಯಾವ ಕಾಸ್ಟ್ ತಗೋಬೇಕು, ಯಾವ್ದು ಬಿಡ್ಬೇಕು?

ತುಮಕೂರು_ಕಾಮರ್ಸ್:
ಎಲ್ರಿಗೂ ನಮಸ್ಕಾರ. ಎಂಕಾಂ ಮುಗಿಸಿ ಪೀಣ್ಯದಲ್ಲಿ ಒಂದು ಮಷಿನ್ ಶಾಪ್ ಅಕೌಂಟ್ಸ್ ನೋಡ್ಕೊಳ್ತಾ ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್ಮೆಂಟ್ ಅಕೌಂಟೆಂಟ್) ಫೈನಲ್‌ಗೆ ಓದ್ತಿದೀನಿ. ಸ್ಟ್ರಾಟೆಜಿಕ್ ಕಾಸ್ಟ್ ಮ್ಯಾನೇಜ್ಮೆಂಟ್ ಪೇಪರ್ ಮಾತ್ರ ಕೈಗೆ ಸಿಗ್ತಿಲ್ಲ. ವೇರಿಯನ್ಸ್ (ಅಂದಾಜು ಖರ್ಚಿಗೂ ನಿಜವಾದ ಖರ್ಚಿಗೂ ಇರೋ ವ್ಯತ್ಯಾಸ) ಎಲ್ಲಾ ಫಾರ್ಮುಲಾ ಹಾಕಿ ಮಾಡ್ತೀನಿ, ಆದ್ರೆ ಅರ್ಧ ಪುಟ ಕಥೆ ಕೊಟ್ಟು ಕೊನೇಲಿ ಮ್ಯಾನೇಜ್ಮೆಂಟ್‌ಗೆ ಸಲಹೆ ಕೊಡಿ ಅಂದ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ. ಉದಾಹರಣೆಗೆ ಒಂದು ಪಾರ್ಟ್ ನಾವೇ ಮಾಡಿದ್ರೆ ಮೆಟೀರಿಯಲ್ 90, ಲೇಬರ್ 40, ವೇರಿಯಬಲ್ ಓವರ್‌ಹೆಡ್ 20, ಫಿಕ್ಸೆಡ್ 50, ಒಟ್ಟು 200 ರೂಪಾಯಿ, ಹೊರಗಡೆ 170ಕ್ಕೆ ಸಿಗುತ್ತೆ. ಒಂದು ಸಮ್‌ನಲ್ಲಿ ನೀವೇ ಮಾಡಿ ಅಂತ ಉತ್ತರ, ಹೆಚ್ಚುಕಮ್ಮಿ ಅದೇ ಥರದ ಇನ್ನೊಂದ್ರಲ್ಲಿ ಹೊರಗಡೆ ತಗೊಳ್ಳಿ ಅಂತ. ಇದನ್ನ ಹೇಗೆ ಓದ್ಬೇಕು? ತುಂಬಾ ಸಮ್ಸ್ ಮಾಡ್ತಾ ಹೋದ್ರೆ ತಾನಾಗೇ ಬರುತ್ತಾ?

ಪ್ಲಾಂಟ್_ಕಾಸ್ಟಿಂಗ್:
ಬರೀ ಸಮ್ಸ್ ಸಂಖ್ಯೆ ಜಾಸ್ತಿ ಮಾಡಿದ್ರೆ ಬರಲ್ಲ, ಒಂದೇ ಸಮ್‌ನ ಕಥೆ ಬದಲಾಯಿಸಿ ಬದಲಾಯಿಸಿ ಮಾಡಿದ್ರೆ ಬರುತ್ತೆ. ನಿಮ್ಮ ಸಮ್ಮೇ ತಗೊಳ್ಳಿ. ಫಿಕ್ಸೆಡ್ 50 ಅನ್ನೋದು ಬಾಡಿಗೆ, ಡಿಪ್ರಿಸಿಯೇಶನ್ ಥರದ್ದಾದ್ರೆ ನೀವು ಪಾರ್ಟ್ ಮಾಡಿದ್ರೂ ಇರುತ್ತೆ ಬಿಟ್ರೂ ಇರುತ್ತೆ, ಹಾಗಾಗಿ ಹೋಲಿಕೆ 150ಕ್ಕೂ 170ಕ್ಕೂ, ನೀವೇ ಮಾಡ್ಬೇಕು. ಈಗ ಕಥೆ ಬದಲಾಯಿಸಿ. ಮಷಿನ್ ಫುಲ್ ಬಿಜಿ ಇದೆ, ಈ ಪಾರ್ಟ್‌ಗೆ ಅರ್ಧ ಗಂಟೆ ಬೇಕು, ಅದೇ ಮಷಿನ್ ಬೇರೆ ಜಾಬ್‌ಗೆ ಹಾಕಿದ್ರೆ ಗಂಟೆಗೆ 60 ರೂಪಾಯಿ ಕಾಂಟ್ರಿಬ್ಯೂಷನ್ (ಮಾರಿದ ಬೆಲೇಲಿ ವೇರಿಯಬಲ್ ಖರ್ಚು ಕಳೆದು ಉಳಿಯೋದು) ಬರುತ್ತೆ ಅಂದ್ಕೊಳ್ಳಿ, ಆಗ ಪಾರ್ಟ್ ಮಾಡೋದ್ರಿಂದ 30 ಕಳ್ಕೊಳ್ತೀರಿ, ನಿಜವಾದ ಕಾಸ್ಟ್ 180 ಆಯ್ತು, ಹೊರಗಡೆನೇ ತಗೋಬೇಕು. ಇನ್ನೊಂದು ಸಲ ಬದಲಾಯಿಸಿ: ಮಷಿನ್ ಖಾಲಿನೇ ಇದೆ ಆದ್ರೆ ಆ 50ರಲ್ಲಿ 25 ಈ ಪಾರ್ಟ್‌ಗೆ ಅಂತಾನೇ ಇಟ್ಟಿರೋ ಸೂಪರ್ವೈಸರ್ ಸಂಬಳ, ಪಾರ್ಟ್ ನಿಲ್ಲಿಸಿದ್ರೆ ಆ ಖರ್ಚೇ ನಿಲ್ಲುತ್ತೆ. ಆಗ 175, ಮತ್ತೆ ಹೊರಗಡೆನೇ. ಲೇಬರ್ 40ನೂ ಕಣ್ಮುಚ್ಚಿ ತಗೋಬೇಡಿ, ಪರ್ಮನೆಂಟ್ ವರ್ಕರ್ಸ್, ಕೆಲಸ ಇಲ್ದಿದ್ರೂ ಸಂಬಳ ಕೊಡ್ಲೇಬೇಕು ಅಂತ ಕಥೇಲಿದ್ರೆ ಅದನ್ನೂ ಹೋಲಿಕೆಯಿಂದ ಬಿಡ್ಬೇಕು. ಹೆಸರು ನೋಡಿ ವೇರಿಯಬಲ್, ಫಿಕ್ಸೆಡ್ ಅಂತ ಗುಂಪು ಮಾಡೋ ಅಭ್ಯಾಸ ಮೊದ್ಲು ಬಿಡಿ, ಈ ನಿರ್ಧಾರದಿಂದ ಈ ಖರ್ಚು ಬದಲಾಗುತ್ತಾ ಅಂತ ಪ್ರತಿ ಸಾಲಿಗೂ ಕೇಳಿ.

ಬೆಳಗಾವಿ_ಶುಗರ್:
ಮ್ಯಾಲಿನವರು ಬರೋಬ್ಬರಿ ಹೇಳ್ಯಾರ. ನಾ ಸಕ್ಕರಿ ಫ್ಯಾಕ್ಟರಿ ಕಾಸ್ಟಿಂಗ್‌ನಾಗ ಇದ್ದೀನ್ರಿ, ಜಾಯಿಂಟ್ ಕಾಸ್ಟ್ ಸಮ್ಸ್ ಬಗ್ಗೆ ಒಂದ್ ಮಾತು. ಕಬ್ಬು ನುರಿಸಿದ್ರ ಸಕ್ಕರಿ, ಕಾಕಂಬಿ, ಬಗಾಸ್ (ಕಬ್ಬಿನ ಸಿಪ್ಪಿ) ಎಲ್ಲಾ ಒಟ್ಟಿಗೇ ಬರ್ತಾವ. ಕಾಕಂಬಿ ಹಂಗ ಮಾರಬೇಕೋ ಎಥನಾಲ್ ಮಾಡಬೇಕೋ ಅಂತ ಕೇಳಿದ್ರ, ಹುಡುಗರು ಕಬ್ಬಿನ ಎಫ್‌ಆರ್‌ಪಿ (ಸರಕಾರ ಗೊತ್ತು ಮಾಡಿದ ರೇಟು), ನುರಿಸೋ ಖರ್ಚು ಎಲ್ಲಾ ಪಾಲು ಮಾಡಿ ಕಾಕಂಬಿ ಮ್ಯಾಲ ಹಾಕ್ಕೊಂಡು ಕುಂದರ್ತಾರ. ಅದು ಸ್ಟಾಕ್ ವ್ಯಾಲ್ಯುವೇಶನ್‌ಗೆ ಬೇಕ್ರಿ, ಈ ಡಿಸಿಶನ್‌ಗೆ ಬ್ಯಾಡ. ಎಥನಾಲ್ ಮಾರಿದ್ರ ಬರೋ ರೊಕ್ಕ, ಅದರಾಗ ಡಿಸ್ಟಿಲರಿ ಖರ್ಚು ಕಳೀರಿ, ಕಾಕಂಬಿ ಹಂಗ ಮಾರಿದ್ರ ಬರತಿದ್ದ ರೊಕ್ಕನೂ ಕಳೀರಿ, ಏನರ ಉಳದ್ರ ಎಥನಾಲ್ ಮಾಡ್ರಿ. ಕಬ್ಬಿನ ಖರ್ಚು ಎರಡೂ ಕಡೆ ಅಷ್ಟ ಇರ್ತೈತಿ.

ಮೈಸೂರು_ಲೆಕ್ಚರರ್:
ಪೇಪರ್ ನೋಡೋ ದೃಷ್ಟಿಯಿಂದ ಎರಡು ಕಡೆ ಹುಷಾರಾಗಿರಿ. ಸ್ಟಾಕ್‌ನಲ್ಲಿರೋ ಮೆಟೀರಿಯಲ್‌ಗೆ ಕೊಟ್ಟ ಹಳೇ ರೇಟ್ ಮುಖ್ಯ ಅಲ್ಲ, ದಿನಾ ಬಳಸೋದಾದ್ರೆ ಮತ್ತೆ ಕೊಳ್ಳೋ ರೇಟ್, ಬೇರೆ ಉಪಯೋಗನೇ ಇಲ್ಲ ಅಂದ್ರೆ ಗುಜರಿ ಬೆಲೆ. ಇನ್ನೊಂದು ಲರ್ನಿಂಗ್ ಕರ್ವ್, ಅಂದ್ರೆ ಒಟ್ಟು ಯೂನಿಟ್ ದುಪ್ಪಟ್ಟಾದಾಗೆಲ್ಲ ಒಂದು ಯೂನಿಟ್‌ನ ಸರಾಸರಿ ಟೈಮ್ ಇಷ್ಟು ಪರ್ಸೆಂಟ್‌ಗೆ ಇಳಿಯುತ್ತೆ ಅನ್ನೋ ಲೆಕ್ಕ. 80 ಪರ್ಸೆಂಟ್ ಅಂದ ತಕ್ಷಣ ಎರಡನೇ ಯೂನಿಟ್‌ಗೆ 80 ಗಂಟೆ ಅಂತ ಬರೆದುಬಿಡ್ತಾರೆ. ಮೊದಲನೇದಕ್ಕೆ 100 ಗಂಟೆ ಆದ್ರೆ ಎರಡರ ಸರಾಸರಿ 80, ಒಟ್ಟು 160, ಅಂದ್ರೆ ಎರಡನೇದಕ್ಕೆ 60 ಗಂಟೆ. ನಾಲ್ಕು ಯೂನಿಟ್ ಆದಾಗ ಸರಾಸರಿ 64, ಒಟ್ಟು 256, ಹಾಗಾಗಿ ಮೊದಲೆರಡು ಮುಗಿದ್ಮೇಲೆ ಹೊಸದಾಗಿ ಎರಡು ಯೂನಿಟ್ ಆರ್ಡರ್ ಬಂದಿದೆ ರೇಟ್ ಕೋಟ್ ಮಾಡಿ ಅಂದ್ರೆ 256ರಲ್ಲಿ 160 ಕಳೆದು 96 ಗಂಟೆ ಮಾತ್ರ ತಗೋಬೇಕು. ಮತ್ತೆ ಲೆಕ್ಕ ಆದ್ಮೇಲೆ ಸಲಹೆನ ವಾಕ್ಯದಲ್ಲಿ ಬರೀರಿ, ಸಪ್ಲೈಯರ್ ಕ್ವಾಲಿಟಿ ಕೊಡ್ತಾನಾ, ಟೈಮ್‌ಗೆ ಕೊಡ್ತಾನಾ, ಮುಂದೆ ರೇಟ್ ಏರಿಸಿದ್ರೆ ಏನು ಅಂತ. ಲೆಕ್ಕ ಸರಿ ಮಾಡಿ ಇದನ್ನ ಬಿಟ್ಟು ಬರೋ ಹುಡುಗರನ್ನ ನೋಡಿದ್ರೆ ಬೇಜಾರಾಗುತ್ತೆ, ಯಾಕಂದ್ರೆ ಪೇಪರ್‌ಗೆ 40 ದಾಟಿದ್ರೂ ಗ್ರೂಪ್‌ನ ಎಲ್ಲಾ ಪೇಪರ್ ಸೇರಿ ಒಟ್ಟು 50 ಪರ್ಸೆಂಟ್ ಬೇಕಲ್ಲ.

ತುಮಕೂರು_ಕಾಮರ್ಸ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ. 180, 175 ನಾನೇ ಬರೆದು ನೋಡಿದೆ, ಈಗ ಎರಡು ಉತ್ತರ ಯಾಕೆ ಬೇರೆ ಬಂತು ಅಂತ ಕಾಣ್ತಿದೆ. ಟ್ರಾನ್ಸ್‌ಫರ್ ಪ್ರೈಸಿಂಗ್‌ಗೂ (ಒಂದೇ ಕಂಪನಿಯ ಒಂದು ಡಿವಿಷನ್ ಇನ್ನೊಂದಕ್ಕೆ ಮಾಲು ಕೊಡೋ ಬೆಲೆ) ಇದೇ ದಾರೀನಾ ಸರ್? ಟ್ಯಾಕ್ಸ್ ಪೇಪರ್‌ನಲ್ಲೂ ಅದೇ ಹೆಸರು ಬರುತ್ತೆ, ಕನ್ಫ್ಯೂಸ್ ಆಗ್ತಿದೆ.

ಪ್ಲಾಂಟ್_ಕಾಸ್ಟಿಂಗ್:
ಟ್ಯಾಕ್ಸ್‌ನಲ್ಲಿರೋದು ಆರ್ಮ್ಸ್ ಲೆಂತ್ ಬೆಲೆ (ಸಂಬಂಧ ಇಲ್ಲದವರ ನಡುವೆ ಇರೋ ಬೆಲೆ), ಲಾಭನ ಬೇರೆ ದೇಶಕ್ಕೆ ಸಾಗಿಸಿ ತೆರಿಗೆ ಕಮ್ಮಿ ಮಾಡ್ಕೋಬಾರ್ದು ಅಂತ ಇರೋದು, ಅದನ್ನ ಇಲ್ಲಿ ತರಬೇಡಿ. ಇಲ್ಲಿ ಕೊಡೋ ಡಿವಿಷನ್‌ಗೆ ಕನಿಷ್ಠ ಬೆಲೆ ಅಂದ್ರೆ ಮಾರ್ಜಿನಲ್ ಕಾಸ್ಟ್ (ಒಂದು ಯೂನಿಟ್ ಜಾಸ್ತಿ ಮಾಡೋಕೆ ಆಗೋ ಖರ್ಚು) ಜೊತೆಗೆ ಹೊರಗಡೆ ಮಾರದೆ ಕಳ್ಕೊಂಡ ಕಾಂಟ್ರಿಬ್ಯೂಷನ್. ಕೆಪ್ಯಾಸಿಟಿ ಖಾಲಿ ಇದ್ರೆ ಆ ಎರಡನೇ ಭಾಗ ಸೊನ್ನೆ. ತಗೊಳ್ಳೋ ಡಿವಿಷನ್ ಹೊರಗಡೆ ಸಿಗೋ ರೇಟ್‌ಗಿಂತ ಜಾಸ್ತಿ ಕೊಡಲ್ಲ. ಕೆಪ್ಯಾಸಿಟಿ ಅರ್ಧ ಖಾಲಿ ಇರೋ ಸಮ್ ಒಂದು ಹುಡುಕಿ ಮಾಡಿ, ಮೊದಲ ಒಂದಷ್ಟು ಯೂನಿಟ್‌ಗೆ ಒಂದು ಕನಿಷ್ಠ ಬೆಲೆ, ಆಮೇಲಿನದಕ್ಕೆ ಇನ್ನೊಂದು ಬರುತ್ತೆ. ಮಾಡಿ ಇಲ್ಲೇ ಹಾಕಿ, ನೋಡ್ತೀನಿ.