ನ್ಯುಮೋನಿಯಾ ಅಂದರು, ಯಾವುದರಿಂದ ಅಂತ ಹೇಳಲಿಲ್ಲ: ಡಾಕ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ತೀವ್ರ ನ್ಯುಮೋನಿಯಾ. ಅದು ಯಾವುದರಿಂದ ಬರುತ್ತದೆ, ಊರಿನಲ್ಲಿ ಹೆಚ್ಚಾದರೆ ಆರೋಗ್ಯ ಇಲಾಖೆಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು. ನಮ್ಮ ಡಾಕ್ಟರ್ ಮೇಡಂ ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಹನ್ನೊಂದು ವರ್ಷ ಇದ್ದವರು. ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನಾಲ್ಕರಿಂದ ಆರರವರೆಗೆ ಸಿಗುತ್ತಾರೆ. ದಯವಿಟ್ಟು ಶುಭ ಸಂಜೆ ಚಿತ್ರ ಹಾಕಬೇಡಿ.

ರಾಘು, ಬೆಂಗಳೂರು: ಮೇಡಂ, ಚೀನಾದ ಎಚ್‌ಎಂಪಿವಿ ಮತ್ತೆ ಬರುತ್ತಿದೆಯಂತೆ. ಮುಂಚೆ ಬೆಂಗಳೂರಿಗೆ ಬಂದಿದ್ದು ನಿಜವಾ?

ಡಾಕ್ಟರ್: ಅದು ಚೀನಾದ್ದಲ್ಲ. ನೆಗಡಿ, ಕೆಮ್ಮು ತರುವ, 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಗುರುತು ಹಿಡಿದ ವೈರಸ್ಸು. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಮನುಷ್ಯರಲ್ಲಿ ಓಡಾಡಿಕೊಂಡಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಸಿಕ್ಕಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು. ಎರಡೂ ಹೊರದೇಶ ಕಂಡವಲ್ಲ. ಐಸಿಎಂಆರ್‌ನವರು, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು, ಮಾಮೂಲಿಯಾಗಿ ಉಸಿರಾಟದ ಕಾಯಿಲೆಯವರ ಮಾದರಿ ಪರೀಕ್ಷೆ ಮಾಡುತ್ತಲೇ ಇರುತ್ತಾರೆ. ಹುಡುಕಿದರು, ಸಿಕ್ಕಿತು. ಟೀವಿಯವರಿಗೆ ಅದು ಹೊಸದು, ಮಕ್ಕಳ ಡಾಕ್ಟರಿಗೆ ಹಳೆಯದು.

ವಿನುತಾ: ಮಗುವಿಗೆ 14 ತಿಂಗಳು. ನೆಗಡಿ, ಕೆಮ್ಮು. ಯಾವಾಗ ಹೆದರಬೇಕು ಮೇಡಂ?

ಡಾಕ್ಟರ್: ಅಂಗಿ ಎತ್ತಿ ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅಳುವಾಗ ಬೇಡ, ಮಲಗಿದ್ದಾಗ. ನಿಮ್ಮ ಮಗುವಿನ ವಯಸ್ಸಿಗೆ 40 ಅಥವಾ ಜಾಸ್ತಿ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಒಂದು ವರ್ಷದೊಳಗೆ 50, ಎರಡು ತಿಂಗಳೊಳಗೆ 60. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋದರೆ, ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಹಾಕಿಸಿದ್ದೀರಿ ಅಲ್ವಾ? 6 ವಾರ, 14 ವಾರ, 9 ತಿಂಗಳು. 2021ರಿಂದ ದೇಶದ ಎಲ್ಲಾ ಕಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ. ದುಡ್ಡಿಲ್ಲ.

ಮಂಜುನಾಥ ಅಂಕಲ್: ಫಾರ್ವರ್ಡ್ ಆಗಿ ಬಂದದ್ದು. ಕರ್ಪೂರ, ಓಂಕಾಳು, ಲವಂಗ ಬಟ್ಟೆಯಲ್ಲಿ ಕಟ್ಟಿ ಮಗುವಿನ ಮೂಗಿನ ಹತ್ತಿರ ಹಿಡಿದರೆ ಆಕ್ಸಿಜನ್ ಏರುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಕರ್ಪೂರದಿಂದ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಆಕ್ಸಿಜನ್ ಏರುವುದಿಲ್ಲ.

ಮಂಜುನಾಥ ಅಂಕಲ್: ನಮ್ಮ ಕಾಲದಲ್ಲಿ ಇದನ್ನೇ ಮಾಡುತ್ತಿದ್ದರು ಮೇಡಂ.

ಡಾಕ್ಟರ್: ನಿಮ್ಮ ಕಾಲದಲ್ಲಿ ನ್ಯುಮೋನಿಯಾಕ್ಕೆ ಎಷ್ಟು ಮಕ್ಕಳು ಹೋದವು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ.

ಲಕ್ಷ್ಮವ್ವ, ಆಶಾ, ಹಾವೇರಿ ಕಡೆ: ಮೇಡಂ ನಮಸ್ಕಾರ್ರಿ. ನಾವು ಮನಿ ಮನಿಗೆ ಹೋಗಿ ಜ್ವರ, ಕೆಮ್ಮು ಅಂತ ಬರೆದುಕೊಂಡು ಸಿಸ್ಟರ್‌ಗೆ ಕೊಡುತ್ತೇವೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿಲ್ಲರಿ.

ಡಾಕ್ಟರ್: ಲಕ್ಷ್ಮವ್ವ, ನಿಮಗೆ ಯಾರೂ ಹೇಳದೇ ಇದ್ದದ್ದು ನಮ್ಮ ತಪ್ಪು. ಸಿಸ್ಟರ್ ಅದನ್ನು ಮೊಬೈಲಿನಲ್ಲಿ ತುಂಬುತ್ತಾರೆ. ಅದು ಎಸ್ ಫಾರ್ಮು, ಅಂದರೆ ಬರೀ ಲಕ್ಷಣ. ಡಾಕ್ಟರು ನೋಡಿ ಅನುಮಾನ ಬರೆದರೆ ಪಿ ಫಾರ್ಮು. ಲ್ಯಾಬ್ ಖಚಿತ ಮಾಡಿದರೆ ಎಲ್ ಫಾರ್ಮು. ಮುಂಚೆ ಕಾಗದದಲ್ಲಿ ವಾರಕ್ಕೊಮ್ಮೆ ಹೋಗುತ್ತಿತ್ತು. 2021ರಿಂದ ದೇಶಕ್ಕೆಲ್ಲ ಐಎಚ್‌ಐಪಿ ಅಂತ ಒಂದೇ ಪೋರ್ಟಲ್. ಜಿಲ್ಲೆಯಲ್ಲಿ ಕೂತವರು ನಿಮ್ಮ ಊರಿನ ಸಂಖ್ಯೆ ನೋಡುತ್ತಾರೆ. ಐದು ಜ್ವರ ಇದ್ದ ಊರಲ್ಲಿ ಈ ವಾರ ಹದಿನೇಳು ಅಂದರೆ ಫೋನು ಬರುತ್ತದೆ. ಸಂಖ್ಯೆಗಿಂತ ಅದು ಜಿಗಿದದ್ದು ಮುಖ್ಯ.

ತೀವ್ರ ನ್ಯುಮೋನಿಯಾಕ್ಕೆ ಇನ್ನೊಂದು ಬಲೆ ಇದೆ. ಅದಕ್ಕೆ ಸಾರಿ ಅನ್ನುತ್ತೇವೆ (ತೀವ್ರ ಉಸಿರಾಟದ ಸೋಂಕಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಕ್ಷಮಾಪಣೆಯ ಸಾರಿ ಅಲ್ಲ). ಹತ್ತು ದಿನದೊಳಗೆ ಶುರುವಾದ ಜ್ವರ, ಕೆಮ್ಮು, ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಇಷ್ಟಿದ್ದರೆ ಸಾಕು, ಕಾರಣ ಗೊತ್ತಿರಬೇಕಿಲ್ಲ. ಗೊತ್ತಿಲ್ಲದ ಕಾರಣ ಹಿಡಿಯುವುದಕ್ಕೇ ಆ ಬಲೆ ಇರುವುದು. 2020ರಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ 2ರವರೆಗೆ ಇಂಥ 5,911 ರೋಗಿಗಳನ್ನು ಐಸಿಎಂಆರ್ ಪರೀಕ್ಷೆ ಮಾಡಿಸಿತು. 104 ಜನರಲ್ಲಿ ಕೊರೋನಾ ಸಿಕ್ಕಿತು. ಅವರಲ್ಲಿ ಸುಮಾರು 40 ಮಂದಿ ವಿದೇಶಕ್ಕೂ ಹೋಗಿರಲಿಲ್ಲ, ಸೋಂಕಿತರ ಹತ್ತಿರವೂ ಸುಳಿದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಥರ್ಮಾಮೀಟರ್ ಹಿಡಿದು ನಿಂತವರಿಗೆ ಕಾಣದ್ದು ವಾರ್ಡಿನಲ್ಲಿ ಕಂಡಿತು.

ಹಳ್ಳಿಯಿಂದ ಲೆಕ್ಕ ಬರುತ್ತದೆ. ಬಾರದಿರುವುದು ಎಷ್ಟೋ ಖಾಸಗಿ ನರ್ಸಿಂಗ್ ಹೋಮ್‌ಗಳಿಂದ. ಅವರಿಗೆ ಫೋನ್ ಮಾಡಿ ಮಾಡಿ ನನ್ನ ಗಂಟಲು ಹೋಗಿದೆ.

ಲಕ್ಷ್ಮವ್ವ, ಆಶಾ, ಹಾವೇರಿ ಕಡೆ: ಈಗ ಸಮಾಧಾನ ಆಯಿತು ನೋಡ್ರಿ.

ಶ್ರೀಕಾಂತ, ಬೈಂದೂರು ಕಡೆ: ಮೇಡಂ, ಅಪ್ಪಯ್ಯನಿಗೆ 58. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ. ಮಾತ್ರೆ ಸರಿಯಾಗಿ ತಗೊಳ್ಳುವುದಿಲ್ಲ. ಜುಲೈಯಲ್ಲಿ ಗದ್ದೆ ನಟ್ಟಿ ಮುಗಿಸಿ ಹತ್ತು ದಿನಕ್ಕೆ ಜ್ವರ, ಕೆಮ್ಮು. ಒಂದು ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು. ನ್ಯುಮೋನಿಯಾ ಅಂದರು. ಸ್ವಲ್ಪ ಇಳಿಯಿತು, ಮನೆಗೆ ಬಂದ ಮೇಲೆ ಮತ್ತೆ ಬಂತು. ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ತೂತು ಕಾಣುತ್ತದೆ, ಟಿಬಿ ಇರಬೇಕು ಅಂತ ಇನ್ನೊಬ್ಬರು ಹೇಳಿದರು. ಕಫದ ಪರೀಕ್ಷೆ ಎರಡು ಸಲ ನೆಗೆಟಿವ್. ಆದರೂ ಟಿಬಿ ಮಾತ್ರೆ ಶುರು ಮಾಡಿ ಮೂರು ವಾರ ಆಯಿತು. ಜ್ವರ ಬಿಟ್ಟಿಲ್ಲ. ಏಳು ಕೆಜಿ ಇಳಿದಿದ್ದಾರೆ. ಟಿಬಿ ಮಾತ್ರೆ ಬದಲಾಯಿಸಬೇಕಾ?

ರಾಘು, ಬೆಂಗಳೂರು: ಎಚ್‌ಎಂಪಿವಿಗೆ ಲಸಿಕೆ ಇದೆಯಾ ಮೇಡಂ?

ಡಾಕ್ಟರ್: ಇಲ್ಲ. ಶ್ರೀಕಾಂತ್, ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದ್ದಾರಾ? ಕಾಲಿನಲ್ಲಿ ಗಾಯ ಇತ್ತಾ?

ಶ್ರೀಕಾಂತ, ಬೈಂದೂರು ಕಡೆ: ಹಿಮ್ಮಡಿ ಒಡೆದಿದೆ, ಯಾವಾಗಲೂ ಹಾಗೇ ಇರುತ್ತದೆ. ಹೋದ ವಾರ ಚಳಿ ಜ್ವರ ಜಾಸ್ತಿಯಾದಾಗ ರಕ್ತದ ಕಲ್ಚರ್ ಮಾಡಿಸಿದರು. ಮೊನ್ನೆ ರಿಪೋರ್ಟ್ ಬಂತು. ‘ಸ್ಯೂಡೊಮೊನಾಸ್ ಸ್ಪೀಷೀಸ್’ ಅಂತ ಇದೆ. ಅದು ಹೊರಗಿನಿಂದ ಸೇರಿಕೊಂಡದ್ದು, ತಲೆ ಕೆಡಿಸಿಕೊಳ್ಳಬೇಡಿ ಅಂದರು.

ಡಾಕ್ಟರ್: ನಾನು ಸ್ವಲ್ಪ ತಲೆ ಕೆಡಿಸಿಕೊಳ್ಳುತ್ತೇನೆ. ರೋಗಿಯನ್ನು ನೋಡದೆ ಇದೇ ಅಂತ ಹೇಳಲಾರೆ. ಆದರೆ ಕರಾವಳಿ, ಮಳೆಗಾಲ, ಕೆಸರುಗದ್ದೆ, ಹಿಡಿತಕ್ಕೆ ಸಿಗದ ಸಕ್ಕರೆ, ಟಿಬಿ ಥರ ಕಾಣುವ ಎಕ್ಸ್‌ರೇ, ಕಫದಲ್ಲಿ ಟಿಬಿ ಇಲ್ಲ. ಇಷ್ಟೂ ಒಟ್ಟಿಗೆ ಬಂದರೆ ಮೊದಲು ಬಿಡಿಸಿಕೊಳ್ಳಬೇಕಾದ ಅನುಮಾನ ಮೆಲಿಯಾಯ್ಡೋಸಿಸ್.

ಈ ಕಾಯಿಲೆ ತರುವುದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವ ಬ್ಯಾಕ್ಟೀರಿಯಾ. ಬರ್ಖೋಲ್ಡೇರಿಯಾ ಅಂತ ಹೆಸರು. ಒಡೆದ ಚರ್ಮದಿಂದ ಒಳಗೆ ಹೋಗುತ್ತದೆ, ಜೋರು ಗಾಳಿ ಮಳೆಯಲ್ಲಿ ಉಸಿರಿನಿಂದಲೂ ಹೋಗುತ್ತದೆ. ನೂರು ವರ್ಷಕ್ಕೂ ಹಿಂದೆ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಅನ್ನುವ ಇಬ್ಬರು ಡಾಕ್ಟರು ಮೊದಲು ಬಣ್ಣಿಸಿದ್ದು. ಉಡುಪಿ, ದಕ್ಷಿಣ ಕನ್ನಡದಲ್ಲಿ ಪ್ರತಿ ಮಳೆಗಾಲ ಸಿಗುತ್ತದೆ, ಹುಡುಕುವವರಿಗೆ ಮಾತ್ರ. ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ, ಮನೆಯವರು ಹೆದರಬೇಡಿ.

ತೊಂದರೆ ಏನೆಂದರೆ ಇದಕ್ಕೆ ಟಿಬಿ ಮಾತ್ರೆ ನಾಟುವುದಿಲ್ಲ. ನ್ಯುಮೋನಿಯಾಕ್ಕೆ ಎಲ್ಲರೂ ಕೊಡುವ ಸೆಫ್ಟ್ರಿಯಾಕ್ಸೋನ್ ಕೂಡ ನಂಬುವಂಥದ್ದಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಅನ್ನುವ ಆ್ಯಂಟಿಬಯಾಟಿಕ್ ಕನಿಷ್ಠ ಎರಡು ವಾರ ರಕ್ತನಾಳಕ್ಕೆ ಹೋಗಬೇಕು. ಆಮೇಲೆ ಕೋಟ್ರಿಮಾಕ್ಸಜೋಲ್ ಮಾತ್ರೆ ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಮಧ್ಯದಲ್ಲಿ ಬಿಟ್ಟರೆ ಮರಳಿ ಬರುತ್ತದೆ. ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ, ಇದು ಆಸ್ಪತ್ರೆಯ ಚಿಕಿತ್ಸೆ.

ಎರಡನೇ ತೊಂದರೆ ಲ್ಯಾಬಿನದು. ಈ ಬ್ಯಾಕ್ಟೀರಿಯಾ ನೋಡಲು ಸ್ಯೂಡೊಮೊನಾಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಥರವೇ ಇರುತ್ತದೆ. ಪರಿಚಯ ಇಲ್ಲದವರು ಯಾವ ಬಗೆಯದು ಅಂತ ಹೇಳದೆ ಬರೀ ‘ಸ್ಪೀಷೀಸ್’ ಅಂತ ಬರೆದು ಮುಗಿಸುತ್ತಾರೆ. ರಿಪೋರ್ಟಿನ ಕೆಳಗೆ ಔಷಧಿಗಳ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಎಸ್, ಆರ್ ಅಂತ. ಎಸ್ ಅಂದರೆ ಆ ಔಷಧಿ ಕೆಲಸ ಮಾಡುತ್ತದೆ, ಆರ್ ಅಂದರೆ ಮಾಡುವುದಿಲ್ಲ. ಜೆಂಟಾಮೈಸಿನ್, ಕೊಲಿಸ್ಟಿನ್, ಆಗ್‌ಮೆಂಟಿನ್ ಈ ಮೂರರ ಮುಂದೆ ಏನಿದೆ? ಹೆಸರು, ನಂಬರ್ ಮುಚ್ಚಿ ಆ ಭಾಗ ಟೈಪ್ ಮಾಡಿ ಕಳಿಸಿ.

ಟಿಬಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಪ್ರಭಾ, ಜಯನಗರ: ಮೇಡಂ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ದಿನಾ ಪಾರಿವಾಳಕ್ಕೆ ಕಾಳು ಹಾಕುತ್ತಾರೆ. ಬಾಲ್ಕನಿ ತುಂಬಾ ಹಿಕ್ಕೆ. ಅದರಿಂದ ನ್ಯುಮೋನಿಯಾ ಬರುತ್ತದಾ?

ಡಾಕ್ಟರ್: ಹಿಕ್ಕೆಯ ಧೂಳು, ಪುಕ್ಕದ ಧೂಳಿನಿಂದ ಕೆಲವರಿಗೆ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಆಗುತ್ತದೆ. ವರ್ಷಗಟ್ಟಲೆ ಆದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಅದು ಸೋಂಕಲ್ಲ. ಒಣ ಹಿಕ್ಕೆ ಗುಡಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಮಾಸ್ಕ್ ಹಾಕಿ.

ಗಿರೀಶ, ಜಯನಗರ: ಕಾಳು ಹಾಕುವುದು ನಾನೇ. ಗುಂಪಿನಲ್ಲಿ ಹೀಗೆ ಹೇಳುವ ಬದಲು ಮನೆ ಬಾಗಿಲು ತಟ್ಟಬಹುದಿತ್ತು. ನಮ್ಮ ತಾಯಿ ಹಾಕುತ್ತಿದ್ದರು, 84 ವರ್ಷ ಬದುಕಿದರು.

ಪ್ರಭಾ, ಜಯನಗರ: ನಾಲ್ಕು ಸಲ ತಟ್ಟಿದ್ದೇನೆ ಸಾರ್. ನೀವು ತೆಗೆಯಲಿಲ್ಲ.

ಮಂಜುನಾಥ ಅಂಕಲ್: ಪಕ್ಷಿಗೆ ಅನ್ನ ಹಾಕುವುದು ಪುಣ್ಯದ ಕೆಲಸ. ಈಗಿನವರಿಗೆ ಎಲ್ಲದರಲ್ಲೂ ರೋಗವೇ ಕಾಣುತ್ತದೆ.

ಸುಧೀರ್, ಮುಂಬೈ: ಇಲ್ಲಿ 2025ರಲ್ಲಿ ಪಾಲಿಕೆ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗ, ಮುಚ್ಚಿಸಿತು. ದಾದರ್‌ನಲ್ಲಿ ತಾರ್ಪಾಲಿನ್ ಹೊದಿಸಿದ್ದಕ್ಕೆ ದೊಡ್ಡ ಗಲಾಟೆ ಆಯಿತು. ಕೋರ್ಟಿಗೂ ಹೋಯಿತು.

ಗಿರೀಶ, ಜಯನಗರ: ವಾಹನದ ಹೊಗೆ ಬಗ್ಗೆ ಯಾರಿಗೂ ಮಾತಿಲ್ಲ. ಪಾಪದ ಪಾರಿವಾಳ ಸಿಕ್ಕಿತು. ಪ್ರಭಾ ಅವರ ಯಜಮಾನರು ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತಾರಲ್ಲ, ಅದು?

ಪ್ರಭಾ, ಜಯನಗರ: ನಮ್ಮ ಮನೆಯವರ ವಿಷಯಕ್ಕೆ ಬರಬೇಡಿ.

ನವೀನ್: ಮೇಡಂ, ಆಫೀಸಿನ ಏಸಿಯಿಂದಲೂ ನ್ಯುಮೋನಿಯಾ ಬರುತ್ತದಂತೆ, ಹೌದಾ?

ಶೈಲಜಾ: ಅಮ್ಮನಿಗೆ 68, ಆಸ್ತಮಾ ಇದೆ. ದೊಡ್ಡವರಿಗೂ ನ್ಯುಮೋನಿಯಾ ಲಸಿಕೆ ಇದೆಯಾ?

ಕಿರಣ್: ಒಂದು ಅನುಮಾನ. ಮೂಗಿನ ಸ್ವಾಬಿನಲ್ಲಿ ವೈರಸ್ ಸಿಕ್ಕಿತು ಅಂದರೆ ನ್ಯುಮೋನಿಯಾಕ್ಕೆ ಅದೇ ಕಾರಣ ಅಂತ ಆಯಿತಲ್ಲ? ಮತ್ಯಾಕೆ ಇಷ್ಟು ಕಷ್ಟ?

ಡಾಕ್ಟರ್: ಒಳ್ಳೆಯ ಪ್ರಶ್ನೆ ಕಿರಣ್. ಆಗಲಿಲ್ಲ. ಮೂಗು ಬಾಗಿಲು, ಶ್ವಾಸಕೋಶ ಒಳಮನೆ. ಬಾಗಿಲಲ್ಲಿ ನಿಂತವನೇ ಕಳ್ಳ ಅಂತ ಹೇಳಲು ಬರುವುದಿಲ್ಲ. ಆರೋಗ್ಯವಾಗಿರುವ ಮಕ್ಕಳ ಮೂಗಿನಲ್ಲೂ ಈ ಸೂಕ್ಷ್ಮಜೀವಿಗಳು ಸಿಗುತ್ತವೆ. ಅದಕ್ಕೇ ಆಫ್ರಿಕಾ, ಏಷ್ಯಾದ ಏಳು ದೇಶಗಳಲ್ಲಿ ಪರ್ಚ್ ಅಂತ ಒಂದು ಅಧ್ಯಯನ ಮಾಡಿದರು. ಕಾಯಿಲೆ ಮಕ್ಕಳ ಜೊತೆ ಅದೇ ಊರಿನ ಆರೋಗ್ಯವಂತ ಮಕ್ಕಳ ಮೂಗನ್ನೂ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಸೇರುವಷ್ಟು ತೀವ್ರ ನ್ಯುಮೋನಿಯಾದಲ್ಲಿ ಶೇ. 61 ವೈರಸ್‌ನಿಂದ, ಶೇ. 27 ಬ್ಯಾಕ್ಟೀರಿಯಾದಿಂದ ಅಂತ ಲೆಕ್ಕ ಬಂತು. ಆರ್‌ಎಸ್‌ವಿ ಅನ್ನುವ ಒಂದೇ ವೈರಸ್ಸಿನ ಪಾಲು ಶೇ. 31. ಅದು ಮಕ್ಕಳ ಲೆಕ್ಕ, ಭಾರತ ಆ ಏಳರಲ್ಲಿ ಇರಲಿಲ್ಲ. ಶ್ರೀಕಾಂತ್ ಅವರ ತಂದೆಗೆ ಇರುವುದು ಮೆಲಿಯಾಯ್ಡೋಸಿಸ್ ಆದರೆ, ಮೂಗಿನ ಸ್ವಾಬ್ ಹಾಕಿದ್ದರೂ ಅದು ಸಿಗುತ್ತಿರಲಿಲ್ಲ. ವೈರಸ್ ಹುಡುಕುವ ಬಲೆಗೆ ಗದ್ದೆಯ ಬ್ಯಾಕ್ಟೀರಿಯಾ ಬೀಳುವುದಿಲ್ಲ. ರಕ್ತದ ಕಲ್ಚರ್ ಬೇಕು, ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆ.

ರಾಘು, ಬೆಂಗಳೂರು: ಎಚ್‌ಎಂಪಿವಿ ಟೆಸ್ಟ್ ಎಲ್ಲಿ ಮಾಡಿಸಬೇಕು ಮೇಡಂ?

ಡಾಕ್ಟರ್: ನಿಮಗೆ ಬೇಡ.

ಮಂಜುನಾಥ ಅಂಕಲ್: ದೊಡ್ಡಪತ್ರೆ ಸೊಪ್ಪು ಬಾಡಿಸಿ ರಸ ಹಿಂಡಿ ಮೂಗಿಗೆ ಎರಡು ಹನಿ ಬಿಟ್ಟರೆ ಎಂಥ ನ್ಯುಮೋನಿಯಾವೂ ಮೂರೇ ದಿನ. ಶೇರ್ ಮಾಡಿ.

ಡಾಕ್ಟರ್: ದೊಡ್ಡಪತ್ರೆ ತಂಬುಳಿ ಮಾಡಿಕೊಂಡು ಊಟ ಮಾಡಿ, ನನಗೂ ಇಷ್ಟ. ಮೂಗಿಗೆ ಯಾವ ರಸವನ್ನೂ ಬಿಡಬೇಡಿ. ಮಗುವಿನ ಮೂಗಿಗೆ ಬಿಟ್ಟ ಎಣ್ಣೆ, ರಸ ಶ್ವಾಸಕೋಶಕ್ಕೆ ಇಳಿದು ಅದೇ ನ್ಯುಮೋನಿಯಾ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಡ್ಮಿನ್, ಇವರ ಕೈಗೆ ಫಾರ್ವರ್ಡ್ ಬಟನ್ ಸಿಗದ ಹಾಗೆ ಏನಾದರೂ ಮಾಡಬಹುದಾ?

ಮಂಜುನಾಥ ಅಂಕಲ್: ಹಿರಿಯರಿಗೆ ಹೀಗಾ ಮಾತಾಡುವುದು?

ವಿನುತಾ: ಅಂಕಲ್, ಮೇಡಂ ಸರಿಯಾಗೇ ಹೇಳಿದ್ದಾರೆ. ಸುಮ್ನೆ ಇರಿ.

ಗಿರೀಶ, ಜಯನಗರ: ಡಾಕ್ಟರ್ ಅಂದ ಮೇಲೆ ಸ್ವಲ್ಪ ಸೌಜನ್ಯ ಇರಬೇಕು. ಪಾರಿವಾಳದ ವಿಷಯದಲ್ಲೂ ಒಂದೇ ಕಡೆ ಕೇಳಿ ತೀರ್ಪು ಕೊಟ್ಟರು.

ಶ್ರೀಕಾಂತ, ಬೈಂದೂರು ಕಡೆ: ಮೇಡಂ, ಕಾಗದ ಸಿಕ್ಕಿತು. ಜೆಂಟಾಮೈಸಿನ್ ಆರ್. ಕೊಲಿಸ್ಟಿನ್ ಆರ್. ಆಗ್‌ಮೆಂಟಿನ್ ಎಸ್. ಸೆಫ್ಟಾಜಿಡಿಮ್ ಎಸ್, ಮೆರೋಪೆನೆಮ್ ಎಸ್.

ಡಾಕ್ಟರ್: ಶ್ರೀಕಾಂತ್, ನಾಳೆ ಅಂತ ಕಾಯಬೇಡಿ, ಇವತ್ತೇ ಹೊರಡಿ. ಮೈಕ್ರೋಬಯಾಲಜಿ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗೆ, ಮೆಡಿಕಲ್ ಕಾಲೇಜ್ ಆಸ್ಪತ್ರೆ ಆದರೆ ಒಳ್ಳೆಯದು. ಈ ಕಾಗದ, ಎಕ್ಸ್‌ರೇ, ಟಿಬಿ ಮಾತ್ರೆ ಎಲ್ಲಾ ತಗೊಂಡು ಹೋಗಿ. ‘ಮೆಲಿಯಾಯ್ಡೋಸಿಸ್ ಇರಬಹುದಾ ನೋಡಿ’ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಜೆಂಟಾಮೈಸಿನ್ನಿಗೂ ಕೊಲಿಸ್ಟಿನ್ನಿಗೂ ಬಗ್ಗದೆ ಆಗ್‌ಮೆಂಟಿನ್ನಿಗೆ ಬಗ್ಗುವ ಸ್ಯೂಡೊಮೊನಾಸ್ ಅಂದರೆ ಲ್ಯಾಬಿನವರು ಅಲ್ಲೇ ನಿಂತು ಯೋಚಿಸಬೇಕಿತ್ತು. ಹೊಟ್ಟೆಯ ಸ್ಕ್ಯಾನ್ ಕೂಡ ಆಗಲಿ. ಇದು ಪಿತ್ತಜನಕಾಂಗ, ಗುಲ್ಮ, ಗಂಡಸರಲ್ಲಿ ಪ್ರಾಸ್ಟೇಟ್‌ನಲ್ಲೂ ಕೀವು ಮಾಡುತ್ತದೆ. ದಾರಿಯಲ್ಲಿ ಉಸಿರು ಕಟ್ಟಿದರೆ 108. ಹಾಗೇ ಕಲ್ಚರ್ ಮಾಡಿದ ಲ್ಯಾಬಿಗೆ ಈಗಲೇ ಫೋನ್ ಮಾಡಿ, ಬ್ಯಾಕ್ಟೀರಿಯಾ ಬೆಳೆಸಿದ ಆ ಪ್ಲೇಟು ಇನ್ನೂ ಇದೆಯಾ ಕೇಳಿ.

ಪ್ರಭಾ, ಜಯನಗರ: ಒದ್ದೆ ಮಾಡಿ ತೆಗೆಯಿರಿ ಅಂದರಲ್ಲ ಮೇಡಂ, ಆ ಹಿಕ್ಕೆ ತೆಗೆಯಬೇಕಾದವರು ಯಾರು? ಹಾಕಿಸುವವರೋ ನಾವೋ?

ಗಿರೀಶ, ಜಯನಗರ: ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತಾಡೋಣ.

ಅಡ್ಮಿನ್: ಪಾರಿವಾಳದ ಬಗ್ಗೆ ಇನ್ನೊಂದು ಮೆಸೇಜ್ ಬಂದರೆ ಇಬ್ಬರನ್ನೂ ತೆಗೆಯುತ್ತೇನೆ. ಆರು ಗಂಟೆ ಆಗಿ ಹದಿನೈದು ನಿಮಿಷ ಆಯಿತು.

ರಾಘು, ಬೆಂಗಳೂರು: ಮೇಡಂ ಕೊನೆಯದು, ಎಚ್‌ಎಂಪಿವಿಗೆ ಮಾಸ್ಕ್

ಅಡ್ಮಿನ್: ರಾಘು.

ಶ್ರೀಕಾಂತ, ಬೈಂದೂರು ಕಡೆ: ಕಾರು ಸಿಕ್ಕಿತು ಮೇಡಂ, ಹೊರಟಿದ್ದೇವೆ. ಲ್ಯಾಬಿಗೆ ಫೋನ್ ಮಾಡಿದೆ. ಪ್ಲೇಟ್ ಎಸೆದಿಲ್ಲವಂತೆ, ಫ್ರಿಜ್ಜಿನ ಪಕ್ಕದಲ್ಲೇ ಇದೆಯಂತೆ. ಹುಡುಗ ಈಗ ತೆಗೆದು ನೋಡುತ್ತೇನೆ ಅಂದ.

ಡಾಕ್ಟರ್: ಬೇಡ ಅನ್ನಿ. ಮುಚ್ಚಳ ತೆಗೆಯಬಾರದು, ಮೂಸಿ ನೋಡಬಾರದು. ಬ್ಯಾಕ್ಟೀರಿಯಾವನ್ನು ವಾಸನೆಯಿಂದ ಗುರುತಿಸುವ ಅಭ್ಯಾಸ ಕೆಲವು ಲ್ಯಾಬಿನವರಿಗೆ ಇದೆ, ಇದು ಉಸಿರಿನಲ್ಲೇ ಒಳಗೆ ಹೋಗುತ್ತದೆ. ಟೇಪ್ ಸುತ್ತಿ ಎತ್ತಿಡಲಿ. ಹುಡುಗನಿಗೆ ಇನ್ನೊಂದು ಸಲ ಫೋನ್ ಮಾಡಿ, ಈಗಲೇ.